ಗದ್ದೆ ಉಳುವವರು ಯಾರು ಎಂದು ಕೇಳಿದ ಪಾಠ

ಒಂದು ಕಡೆ ಕೂತವಳಲ್ಲ ನಾನು. 'ಇವಳ ಕಾಲಿಗೆ ಚಕ್ರ ಕಟ್ಟಿದೆ' ಎಂದು ನಮ್ಮಮ್ಮ ಬೈಯುತ್ತಿದ್ದಳು. ಅರವತ್ತರ ದಶಕದ ನಡುವೆ, ಸಾಗರದಲ್ಲಿ ಹೊಸದಾಗಿ ತೆರೆದಿದ್ದ ಕಾಲೇಜೊಂದಕ್ಕೆ ಅರ್ಥಶಾಸ್ತ್ರದ ಲೆಕ್ಚರರ್ ಆಗಿ ಸೇರಿದಾಗಲೂ ಆ ಚಕ್ರ ನಿಂತಿರಲಿಲ್ಲ. ಎಂ.ಎ. ಫಲಿತಾಂಶ ಬಂದ ಮೂರನೆಯ ವಾರಕ್ಕೆ ನನ್ನನ್ನು ತರಗತಿಯೊಳಗೆ ಬಿಟ್ಟರು. ಪಾಠ ಮಾಡುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಪ್ರೈಮರಿ ಶಾಲೆಯ ಮೇಷ್ಟರಿಗೆ ಟ್ರೈನಿಂಗ್ ಬೇಕು, ಹೈಸ್ಕೂಲಿನವರಿಗೆ ಬಿ.ಎಡ್. ಬೇಕು, ಕಾಲೇಜಿನವರಿಗೆ ಮಾತ್ರ ಏನೂ ಬೇಡ. ಡಿಗ್ರಿ ಕೈಗೆ ಬಂದ ದಿನವೇ ಪಾಠವೂ ಬಾಯಿಗೆ ಬಂದುಬಿಡುತ್ತದೆ ಎಂದು ಯಾರೋ ಪುಣ್ಯಾತ್ಮರು ತೀರ್ಮಾನಿಸಿಬಿಟ್ಟಿದ್ದರು.

ನಾನು ಮಾಡಿದ್ದಿಷ್ಟೇ. ನನ್ನ ಎಂ.ಎ. ನೋಟ್ಸನ್ನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ ಓದಿ ಹೇಳುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. 'ಅರ್ಥ ಆಯ್ತಾ?' ಎಂದರೆ ಎಲ್ಲರೂ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದರು. ಮೊದಲ ಪರೀಕ್ಷೆಯ ಉತ್ತರಗಳನ್ನು ತಿದ್ದಲು ತೆಗೆದೆ. ನಾನು ಹೇಳಿದ ಸಾಲುಗಳೇ ಇದ್ದವು, ಆದರೆ ಯಾವ ಪ್ರಶ್ನೆಗೆ ಯಾವ ಸಾಲು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಆ ಕೆಲಸ ನನಗೆ ಪ್ರಾಣದಷ್ಟು ಮುಖ್ಯವಾಗಿತ್ತು. ಎರಡು ವರ್ಷದ ಪ್ರೊಬೇಷನ್. ಅದು ಮುಗಿಯುವ ಮಾರ್ಚ್ ತಿಂಗಳಲ್ಲಿ ಆಡಳಿತ ಮಂಡಳಿಯವರು ಸೇರಿ ಕಾಯಂ ಮಾಡಬೇಕೋ ಬೇಡವೋ ಎಂದು ಹೇಳುವವರಿದ್ದರು. ನಮ್ಮಪ್ಪನೂ ಅಷ್ಟೇ ಗಡುವು ಕೊಟ್ಟಿದ್ದ. ಕಾಯಂ ಆದರೆ ಸರಿ, ಆಗದಿದ್ದರೆ ಮನೆಗೆ ಬಂದು ಅವನು ತೋರಿಸಿದ ಗಂಡಿನ ಮುಂದೆ ತಲೆತಗ್ಗಿಸಿ ಕೂರಬೇಕು. ತಲೆತಗ್ಗಿಸುವುದಿರಲಿ, ನನಗೆ ಕೂರುವುದೇ ಆಗದ ಮಾತು.

ಎರಡನೆಯ ವರ್ಷದ ದಸರಾ ರಜೆಯಲ್ಲಿ ಪ್ರಿನ್ಸಿಪಾಲರು ನನ್ನನ್ನು ತೀರ್ಥಹಳ್ಳಿಗೆ ಕಳಿಸಿದರು. ಹೊಸ ಲೆಕ್ಚರರುಗಳಿಗೆ ಮೂರು ವಾರದ ತರಬೇತಿ. ಆ ಮೇಲೆ ತರಬೇತಿ ಕೊಟ್ಟವರೇ ನಮ್ಮ ನಮ್ಮ ಕಾಲೇಜಿಗೆ ಬಂದು, ಒಂದು ಪಾಠ ನೋಡಿ, ವರದಿ ಬರೆಯುತ್ತಾರೆ. ಆ ವರದಿಯೇ ಮಂಡಳಿಯ ಮುಂದೆ ಹೋಗುವುದು ಎಂದರು.

ತರಬೇತಿ ಕೊಟ್ಟವರು ನಿವೃತ್ತ ಮೇಷ್ಟರೊಬ್ಬರು. ಒಣಕಲು ಶರೀರ, ಕರಿಕೋಟು, ಕಂಕುಳಲ್ಲಿ ಖಾಕಿ ರಟ್ಟಿನ ದಪ್ಪ ಪುಸ್ತಕ. ನಮ್ಮಲ್ಲೇ ಒಬ್ಬರು ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳಾಗಿ ಬೆಂಚಿನಲ್ಲಿ ಕೂರಬೇಕು. ನನ್ನ ಸರದಿ ಮುಗಿದಾಗ ಅವರು, ನೀವು ಅರ್ಧ ಗಂಟೆಯಲ್ಲಿ ತುಂಗೆಯವರೆಗೆ ಹೋಗಿ ಬರುವಷ್ಟು ನಡೆದಿರಿ, ಯಾರು ಅಟ್ಟಿಸಿಕೊಂಡು ಬಂದಿದ್ದರು ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ಮರುದಿನ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಇದರೊಳಗೆ ನಿಂತು ಪಾಠ ಮಾಡಿ ಎಂದರು. ಹತ್ತು ನಿಮಿಷಕ್ಕೆ ಕಾಲು ಜುಮ್ಮೆನ್ನಲು ಶುರುವಾಯಿತು. ಆದರೆ ನಿಂತ ಮೇಲೆ ಎದುರಿನವರ ಮುಖ ಮೊದಲ ಸಲ ಕಾಣಿಸಿತು, ಅದು ನಿಜ.

ಮೇಷ್ಟರು ಹೇಳಿಕೊಟ್ಟದ್ದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಪುಸ್ತಕದ ಉದಾಹರಣೆ ಬಿಡಿ, ಹುಡುಗರ ಮನೆಯ ಅಂಗಳದಿಂದಲೇ ಉದಾಹರಣೆ ತೆಗೆಯಿರಿ, ಗೊತ್ತಿರುವುದನ್ನು ಹಿಡಿದುಕೊಂಡು ಗೊತ್ತಿಲ್ಲದ್ದಕ್ಕೆ ಕರೆದೊಯ್ಯಿರಿ ಎಂದಿದ್ದರು. ಎಂಥ ಸುಲಭದ ಮಾತು! ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೇ ಎಂದು ಸಾಗರಕ್ಕೆ ಬರುವ ಬಸ್ಸಿನ ತುಂಬ ಹಲುಬಿಕೊಂಡು ಬಂದೆ.

ಡಿಸೆಂಬರಿನಲ್ಲಿ ಮೇಷ್ಟರು ನಮ್ಮ ಕಾಲೇಜಿಗೆ ಬಂದರು. ಕೊನೆಯ ಬೆಂಚಿನ ತುದಿಯಲ್ಲಿ ಕೂತು ಖಾಕಿ ಪುಸ್ತಕ ಬಿಚ್ಚಿದರು. ಅವತ್ತಿನ ಪಾಠ ಉತ್ಪಾದನೆಯ ನಾಲ್ಕು ಅಂಗಗಳು: ಭೂಮಿ, ದುಡಿಮೆ, ಬಂಡವಾಳ, ಸಂಘಟನೆ. ಹೊಸನಗರ ತಾಲ್ಲೂಕಿನ ಒಂದೇ ಊರಿನ ಇಬ್ಬರು ಆ ತರಗತಿಯಲ್ಲಿದ್ದರು. ಮುಂದಿನ ಬೆಂಚಿನವನು ಜಮೀನುದಾರರ ಮಗ. ಹಿಂದಿನ ಬೆಂಚಿನವನು ಅದೇ ಜಮೀನುದಾರರ ಗದ್ದೆಯನ್ನು ಗೇಣಿಗೆ ಮಾಡುವವರ ಮಗ. ನಡುವೆ ಎರಡು ವರ್ಷ ಓದು ಬಿಟ್ಟು ಬೇಸಾಯ ಮಾಡಿ ಬಂದದ್ದರಿಂದ ಉಳಿದವರಿಗಿಂತ ದೊಡ್ಡವನು, ಅವನ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು. ಸೀಟು ಖಾಲಿ ಇದ್ದರೂ ಇವನು ನಿಂತೇ ಬರುತ್ತಿದ್ದ. ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ಕಂಡೂ ಅವನನ್ನೇ ಪ್ರಶ್ನೆ ಕೇಳಿದೆ. ನಾನೂ ಜಮೀನುದಾರರ ಮನೆಯಲ್ಲಿ ಹುಟ್ಟಿದವಳೇ. ನಮ್ಮ ಮನೆಯಲ್ಲೂ ಗೇಣಿಯವರು ಬರುತ್ತಿದ್ದರು, ಹೋಗುತ್ತಿದ್ದರು, ಯಾವ ಗದ್ದೆ ಯಾರು ಉಳುತ್ತಾರೆಂದು ಕೂಸುಕುನ್ನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ಹೊರಗಿನಿಂದ ಬಂದ ಲೆಕ್ಚರರ್ ಆಗಿದ್ದರೆ ಹೆದರಿ ಬೇರೆ ಏನನ್ನೋ ಕೇಳುತ್ತಿದ್ದರೇನೋ. ನಾನು ಒಳಗಿನವಳು ಎಂಬ ಧೈರ್ಯದಲ್ಲಿ ಕೆಟ್ಟೆ.

ಹಿಂದಿನ ಬೆಂಚಿನವನನ್ನು ಎಬ್ಬಿಸಿ, ನಿಮ್ಮ ಮನೆಯ ಗದ್ದೆಯನ್ನೇ ತೆಗೆದುಕೋ, ಅದರಲ್ಲಿ ಈ ನಾಲ್ಕು ಅಂಗ ಯಾರ ಯಾರದ್ದು ಎಂದೆ. ಅವನು ಮುಂದಿನ ಬೆಂಚಿನ ಕಡೆ ಕೈ ತೋರಿಸಿದ.

"ನೆಲ ಇವ್ರ ಮನೇದು ಮೇಡಂ. ದುಡಿಮೆ ನಮ್ದು. ಅಜ್ಜನ ಕಾಲ್ದಿಂದ್ಲೂ ನಾವೇ ಉಳೋದು."

ಬಂಡವಾಳ ಎಂದೆ. ಎತ್ತು, ನೇಗಿಲು, ಬೀಜ, ಗೊಬ್ಬರ ಎಲ್ಲ ತಮ್ಮದೇ ಎಂದ. ಸಂಘಟನೆ ಎಂದೆ. ಯಾವ ಗದ್ದೆಗೆ ಯಾವ ಭತ್ತ, ಯಾವಾಗ ನಾಟಿ, ಯಾವಾಗ ಕೊಯ್ಲು ಎಂಬುದನ್ನೆಲ್ಲ ಅಪ್ಪಯ್ಯ ನೋಡುತ್ತಾರೆ ಎಂದ. ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು, ಹಾಗಾದರೆ ನಾಲ್ಕರಲ್ಲಿ ಮೂರು ನಿಮ್ಮದೇ ಆಯಿತಲ್ಲ ಎಂದೆ. ತರಗತಿ ಗೊಳ್ಳೆಂದಿತು. ಅವನೂ ನಕ್ಕ. ಅಲ್ಲಿಂದ ಒಬ್ಬೊಬ್ಬನೂ ಎದ್ದು ನಮ್ಮ ತೋಟದಲ್ಲಿ ಹೀಗೆ, ನಮ್ಮ ಬಾಳೆಕಾಯಿ ಮಂಡಿಯಲ್ಲಿ ಹೀಗೆ ಎಂದು ಹೇಳತೊಡಗಿದ. ಗಂಟೆ ಹೊಡೆದದ್ದೂ ಗೊತ್ತಾಗಲಿಲ್ಲ. ಕೊನೆಯ ಬೆಂಚಿನಲ್ಲಿ ಮೇಷ್ಟರು ತಲೆ ಎತ್ತದೆ ಬರೆಯುತ್ತಿದ್ದರು. ಅಷ್ಟು ಖುಷಿಯಾದ ದಿನ ನನ್ನ ನೌಕರಿಯಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಮರುವಾರ ಅವನು ಬರಲಿಲ್ಲ. ಜಮೀನುದಾರರ ಮಗ ಬಂದಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ಬುಧವಾರ ಪ್ರಿನ್ಸಿಪಾಲರು ಕರೆಸಿದರು. ಜಮೀನುದಾರರು ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರೂ ಹೌದು. ಹಿಂದಿನ ದಿನ ಅವರು ಬಂದು ಹೋಗಿದ್ದರಂತೆ. ಸರ್ಕಾರದ ಕಡೆಯವನೊಬ್ಬ ಕರಿಕೋಟು ಹಾಕಿಕೊಂಡು ತರಗತಿಯಲ್ಲಿ ಕೂತು, ಯಾವ ಗದ್ದೆ ಯಾರು ಉಳುತ್ತಾರೆಂದು ಪುಸ್ತಕದಲ್ಲಿ ಬರೆದುಕೊಂಡು ಹೋದ, ನಿಮ್ಮ ಲೆಕ್ಚರಮ್ಮ ಅದಕ್ಕೆ ಸರಿಯಾಗಿ ಕೇಳಿ ಕೇಳಿ ಹೇಳಿಸಿದಳು ಎಂಬುದು ಅವರ ದೂರು.

ನನಗೆ ನಗು ಬಂತು. ಪ್ರಿನ್ಸಿಪಾಲರು ನಗಲಿಲ್ಲ. ಉಳುವವನಿಗೆ ನೆಲದ ಮೇಲೆ ಹಕ್ಕು ಕೊಡುವ ಕಾನೂನಿನ ಸುದ್ದಿ ಆಗ ಊರೂರಲ್ಲಿ ಹರಿದಾಡುತ್ತಿತ್ತು. ಜಮೀನುದಾರರು ಯಾರೂ ಗೇಣಿಯವರ ಹೆಸರು ದಾಖಲೆಯಲ್ಲಿ ಬರದಂತೆ ನೋಡಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ನಲವತ್ತು ಹುಡುಗರ ಮುಂದೆ ಅದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆ. ಗದ್ದೆ ಬಿಡಿ ಎಂದು ಆ ಹುಡುಗನ ಅಪ್ಪನಿಗೆ ಹೇಳಿಯೂ ಆಗಿದೆಯಂತೆ. ನನ್ನ ನಗು ಅಲ್ಲೇ ಒಣಗಿತು.

ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದೆ. ಅಲ್ಲಿಂದ ಅವರ ಊರಿಗೆ ಹೋಗುವ ಬಸ್ಸು ಹೊರಡಲು ಹೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಎದ್ದು ಎಷ್ಟು ಸಲ ಕೂತೆನೆಂದರೆ, ಕಡಲೆಕಾಯಿ ಮಾರುವ ಮುದುಕಿ ಮೈಗೆ ಹುಷಾರಿಲ್ಲವೇನಮ್ಮ ಎಂದು ಕೇಳಿದಳು. ಹುಷಾರಿಲ್ಲ ಎಂದೆ.

ಮೊದಲು ಜಮೀನುದಾರರ ಮನೆಗೆ ಹೋದೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಮಾತ್ರ ನಮ್ಮಿಬ್ಬರದ್ದೂ ಒಂದೇ ಆದ ಮನೆಮಾತಿನಲ್ಲಿ "ಬಾರೆ ತಂಗಿ, ಕುತ್ಗ, ಆಸ್ರಿಗೆ ಎಂತ ಬೇಕು?" ಎಂದು ಕೂರಿಸಿ, ಬಾಯಾರಿಕೆಗೆ ಬೆಲ್ಲ ನೀರು ತರಿಸಿದರು. ಬಂದವರು ಮೇಷ್ಟರು, ಸರ್ಕಾರದವರಲ್ಲ, ಅವರು ಬರೆದದ್ದು ನನ್ನ ದನಿ ಹೇಗಿದೆ, ಅಕ್ಷರ ಹೇಗಿದೆ ಎಂಬುದನ್ನು ಎಂದು ಬಾಯಿ ಒಣಗುವವರೆಗೆ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಬರೆದುಕೊಳ್ಳದಿದ್ದರೂ ನಲವತ್ತು ಜೋಡಿ ಕಿವಿ ಕೇಳಿವೆಯಲ್ಲ ಎಂದರು.

"ಎಂಗೆ ಹುಡ್ಗನ ಮೇಲೆ ಸಿಟ್ಟಿಲ್ಲೆ. ಅಂವ ಓದ್ಲಿ, ಅವನಪ್ಪ ಗದ್ದೆ ಮಾಡ್ಲಿ. ಆದ್ರೆ ಎಲ್ಲಿ ಹೇಳಿದ್ನೋ ಅಲ್ಲೇ ನಿಂತು 'ತಪ್ಪಾತು' ಹೇಳಿ ಹೇಳವು."

ಅವನು ತರಗತಿಯಲ್ಲೇ ತಪ್ಪೊಪ್ಪಿಕೊಳ್ಳಬೇಕು ಎಂದು ಹೇಳಿ, ಮಾರ್ಚಿನಲ್ಲಿ ಮಂಡಳಿಯ ಸಭೆ ಇದೆ, ನಿನ್ನ ವಿಷಯವೂ ಬರುತ್ತದಂತೆ, ನಾನು ಬರುತ್ತೇನೆ ಎಂದರು. ಹೆದರಿಸುವ ದನಿಯೇ ಅಲ್ಲ, ಮದುವೆಗೆ ಬರುತ್ತೇನೆ ಎನ್ನುವ ಹಾಗೆ ಹೇಳಿದರು. ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಯಿತು ನನ್ನ ಸ್ಥಿತಿ.

ಅಲ್ಲಿಂದ ಗದ್ದೆ ದಾಟಿ ಹುಡುಗನ ಮನೆಗೆ ಹೋದೆ. ಅವನು ಹಿತ್ತಲಿನ ಬೇಲಿಗೆ ಗೂಟ ಹೊಡೆಯುತ್ತಿದ್ದ. ನನ್ನನ್ನು ಕಂಡು ಕೊಡಲಿ ಕೆಳಗಿಟ್ಟು ನಿಂತ, ಹತ್ತಿರ ಬರಲಿಲ್ಲ. ಅವನ ಅಪ್ಪ ಓಡಿಬಂದು ಚಾಪೆ ಹಾಸಿದರು. ಗದ್ದೆ ಬಿಡಿಸುತ್ತಾರೆಂದು ಅಳುತ್ತಾರೇನೋ ಎಂದುಕೊಂಡಿದ್ದೆ. ಆ ಮನುಷ್ಯನ ಕಣ್ಣಲ್ಲಿ ಒಂದು ಹೊಳಪಿತ್ತು. ಆಚೆ ಈಚೆ ನೋಡಿ ಮೆಲ್ಲಗೆ ಕೇಳಿದರು.

"ಅಮ್ಮಾ, ಅವ್ರು ಬರ್ಕಂಡಿದ್ದು ಹೌದೇನ್ರಮ್ಮ?"

ಅವರಿಗೆ ಬೇಕಿದ್ದದ್ದು ಅದು. ಅಜ್ಜನ ಕಾಲದಿಂದ ಉಳುತ್ತಿದ್ದರೂ ಒಂದು ಚೀಟಿಯಲ್ಲೂ ಅವರ ಹೆಸರಿರಲಿಲ್ಲ. ಈಗ ಮಗ ಹೇಳಿದ್ದನ್ನು ಯಾರೋ ದೊಡ್ಡವರು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದಾರೆ ಎಂದು ನಂಬಿ ಆ ಒಂದು ವಾರ ಬದುಕಿದ್ದರು. ಜಮೀನುದಾರರಿಗೆ ಯಾವುದು ಭಯವಾಗಿತ್ತೋ ಇವರಿಗೆ ಅದೇ ಆಸೆಯಾಗಿತ್ತು. ಎರಡನ್ನೂ ಒಂದೇ ಬೆಳಿಗ್ಗೆ ಸುಳ್ಳು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲ, ಅವರು ನನ್ನ ಪಾಠದ ಬಗ್ಗೆ ಬರೆದುಕೊಂಡರು ಅಷ್ಟೇ ಎಂದೆ. ಮುಖದ ಮೇಲಿನ ಹೊಳಪು ಹೋದದ್ದನ್ನು ನೋಡಲಾಗದೆ ಬೇಲಿಯ ಕಡೆ ತಿರುಗಿದೆ.

ಜಮೀನುದಾರರು ಹೇಳಿದ್ದನ್ನೂ ತಿಳಿಸಿದೆ. ಅವನ ಅಪ್ಪ ನೆಲ ಕೆದಕುತ್ತ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿದರು.

"ಬರ್ದಿಲ್ಲಾಂದ್ರೂ ನೀವು ಕೇಳಿದೀರಲ್ಲಮ್ಮ. ನಾಳೆ ಯಾರಾದ್ರೂ ಕೇಳಿದ್ರೆ ನೀವು ಹೌದು ಅಂತೀರಾ?"

ಬೇಲಿಯ ಹತ್ತಿರ ಅವನು ನನ್ನನ್ನೇ ನೋಡುತ್ತಿದ್ದ. ನನ್ನ ಕಣ್ಣಮುಂದೆ ಬಂದದ್ದು ಮಾರ್ಚ್ ತಿಂಗಳು, ಮಂಡಳಿಯ ಸಭೆ, ನಮ್ಮಪ್ಪ ತೋರಿಸುವ ಗಂಡು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಆ ಒಂದೂವರೆ ಗಂಟೆಯನ್ನು ರಸ್ತೆಯ ಮೇಲೆ ಒಬ್ಬಳೇ ಅತ್ತಿಂದಿತ್ತ ನಡೆದು ಕಳೆದೆ. ನಾಚಿಕೆಯಾಯಿತು, ಆದರೂ ತಿರುಗಿ ಹೋಗಿ ಹೌದು ಎನ್ನಲಿಲ್ಲ.

ಗುರುವಾರ ಅವನು ಬಂದ. ತರಗತಿಯೊಳಗೆ ಬರುವ ಮುಂಚೆ ನಾನೇ ಕರೆದು, ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಹೇಳಿದ್ದೆ. ಎರಡೇ ಸಾಲು, ಬೇಗ ಮುಗಿದುಹೋಗುತ್ತದೆ ಎಂದಿದ್ದೆ. ಹಾಜರಿ ಆದ ಮೇಲೆ ಅವನು ತಾನಾಗಿ ಎದ್ದ.

"ಮೊನ್ನೆ ನಾ ಹೇಳಿದ್ದು ತಪ್ಪು ಮೇಡಂ. ಗದ್ದೆ ಮಾಡ್ಸೋದು ಅವ್ರೇ. ನಾವು ಕೂಲಿಗೆ ಹೋಗೋದು. ಕೂತ್ಕೊಳ್ಳಾ?"

ಕೂತ್ಕೋ ಎಂದೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗ ತಲೆ ಬಗ್ಗಿಸಿ ಮೇಜನ್ನು ಉಗುರಿನಿಂದ ಕೆರೆಯುತ್ತಿದ್ದ. ಅವನಿಗೂ ಅದು ಬೇಕಿರಲಿಲ್ಲವೆಂದು ಈಗಲೂ ನನಗನಿಸುತ್ತದೆ. ನಾನು ನೋಟ್ಸು ತೆಗೆದು ಓದಿ ಹೇಳಲು ಶುರುಮಾಡಿದೆ. ಆ ತರಗತಿಯಲ್ಲಿ ಮತ್ತೆ ಯಾರೂ ತಮ್ಮ ಮನೆಯ ಉದಾಹರಣೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೇಷ್ಟರು ವರದಿಯಲ್ಲಿ ನನ್ನನ್ನು ಬಾಯಿ ತುಂಬ ಹೊಗಳಿದ್ದರು. ಸ್ಥಳೀಯ ಉದಾಹರಣೆ ಬಳಸುವುದರಲ್ಲಿ ಉತ್ತಮರು ಎಂದು ಬರೆದಿದ್ದರಂತೆ. ಮಾರ್ಚಿನಲ್ಲಿ ಕಾಯಂ ಆದೆ. ಅದನ್ನು ಸೂಚಿಸಿದವರು ಆ ಜಮೀನುದಾರರೇ ಎಂದು ಪ್ರಿನ್ಸಿಪಾಲರು ಸಂತೋಷದಿಂದ ಹೇಳಿದರು.

ವರ್ಷ ಕಳೆಯಿತು. ಜಮೀನುದಾರರು ಮಾತು ಉಳಿಸಿಕೊಳ್ಳಲಿಲ್ಲ, ಕೊಯ್ಲು ಮುಗಿದ ಮೇಲೆ ಗದ್ದೆ ಬಿಡಿಸಲು ಹೊರಟರು. ಹುಡುಗನ ಅಪ್ಪ ಧೈರ್ಯ ಮಾಡಿ ಗೇಣಿಯ ಹಕ್ಕಿಗೆ ಅರ್ಜಿ ಹಾಕಿದರು. ಹೊಸನಗರದಲ್ಲಿ ವಿಚಾರಣೆ ಎಂದಾಯಿತು. ಒಂದು ಸಂಜೆ ಜಮೀನುದಾರರು ನನ್ನ ಬಾಡಿಗೆ ಕೋಣೆಯ ಬಾಗಿಲಿಗೇ ಬಂದರು. ಇವರು ಬರೀ ಕೂಲಿಯವರು, ಗೇಣಿಯವರಲ್ಲ ಎಂಬುದಕ್ಕೆ ಆ ಹುಡುಗನ ಮಾತೇ ಸಾಕ್ಷಿ, ಅದನ್ನು ಕೇಳಿದವಳು ನೀನು ಎಂದರು. ನಾನು ಏನಾದರೂ ಸುಳ್ಳು ಹೇಳಬೇಕೆಂದು ಅವರು ಕೇಳಲಿಲ್ಲ.

"ಇದ್ದದ್ನ ಇದ್ದಾಂಗೆ ಹೇಳಿರೆ ಸಾಕು ತಂಗಿ."

ಆ ಮಾತಿಗೆ ನನ್ನೊಳಗೆ ಏನೋ ಕೆರಳಿತು. ಹೋದೆ. ವಿಚಾರಣೆ ಮಾಡುವ ಸಾಹೇಬರ ಮುಂದೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಮೊದಲ ದಿನ ಅವನು ಹೇಳಿದ್ದು, ಎರಡನೆಯ ಸಲ ಹೇಳಿದ್ದು, ಎರಡರ ನಡುವೆ ಏನಾಯಿತು ಎಂಬುದು, ಒಂದನ್ನೂ ಬಿಡಲಿಲ್ಲ. ಜಮೀನುದಾರರ ಮುಖ ಕಪ್ಪಿಟ್ಟಿತು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎರಡನೆಯ ಮಾತನ್ನು ಅವನಿಂದ ಹೇಳಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ಯಾಕೆ ಎಂದರು. ಕೆಲಸ ಉಳಿಸಿಕೊಳ್ಳಲು ಎಂದೆ.

"ಕೆಲಸಕ್ಕೋಸ್ಕರ ಅವತ್ತು ಸುಳ್ಳು ಹೇಳಿಸಿದವ್ರು ಇವತ್ತು ನಿಜ ಹೇಳ್ತಿದೀರಿ ಅಂತ ಹ್ಯಾಗಮ್ಮ ನಂಬೋದು?"

ಊರಿನವರು ಯಾರೂ ಬಾಯಿ ಬಿಟ್ಟಿರಲಿಲ್ಲ, ದಾಖಲೆಯಂತೂ ಮೊದಲೇ ಇಲ್ಲ. ತಿಂಗಳೊಳಗೆ ಅರ್ಜಿ ವಜಾ ಆಯಿತು. ಹುಡುಗನ ಮನೆಯವರು ಅರಳಸುರಳಿಯ ಕಡೆ ನೆಂಟರೊಬ್ಬರ ಆಸರೆಯಲ್ಲಿ ಕೂಲಿಗೆ ನಿಂತರು. ಅಂದು ತರಗತಿಯಲ್ಲಿ ಅವನು ಹೇಳಿದ ಎರಡನೆಯ ಮಾತು ಹೀಗೆ ನಿಜವಾಯಿತು.

ಟಿ.ಸಿ. ತೆಗೆದುಕೊಂಡು ಹೋಗಲು ಅವನು ಕಾಲೇಜಿಗೆ ಬಂದ. ಅಪ್ಪನೂ ಜೊತೆಗಿದ್ದರು, ಗೇಟಿನ ಹತ್ತಿರ ನಿಂತಿದ್ದರು. ನಾನು ಕಾರಿಡಾರಿನಲ್ಲಿ ಅವನನ್ನು ತಡೆದು, ನನಗೆ ಬಹಳ ನೋವಾಗಿದೆ, ವಿಚಾರಣೆಯಲ್ಲಿ ಎಲ್ಲ ಹೇಳಿದೆನಲ್ಲ, ನೀನೂ ಕೇಳಿದೆಯಲ್ಲ ಎಂದು ಏನೇನೋ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಸಿಟ್ಟಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವವನ ಹಾಗೆ ನೆಟ್ಟಗೆ ನಿಂತಿದ್ದ.

"ಅವತ್ತು ನಮ್ಮನೇಲಿ ಅಪ್ಪಯ್ಯ ಕೇಳಿದಾಗ ನೀವು 'ಹೌದು' ಅಂದಿದ್ರೆ ಸಾಕಿತ್ತು ಮೇಡಂ. ನಾನು ತಪ್ಪು ಅಂತ ಹೇಳ್ತಾ ಇರ್ಲಿಲ್ಲ."

ಅಷ್ಟು ಹೇಳಿ ಟಿ.ಸಿ.ಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಅಪ್ಪನ ಹತ್ತಿರ ಹೋದ. ಮುದುಕ ನನ್ನ ಕಡೆ ತಿರುಗಿ ಕೈ ಮುಗಿದರು.